ಮುನ್ನಾರ್: ಟಾಪ್ ಸ್ಟೇಷನ್ ಮೊದಲು, ಉಳಿದದ್ದು ಮರಳುವಾಗ

ಕೇರಳದ ಮುನ್ನಾರ್‌ನಿಂದ ಟಾಪ್ ಸ್ಟೇಷನ್ ಎಂಬ ಬೆಟ್ಟದ ತುದಿಯ ನೋಟದ ತಾಣಕ್ಕೆ ಹೊರಟವರು ದಾರಿಯಲ್ಲಿ ಸಿಗುವ ಮಾಟ್ಟುಪೆಟ್ಟಿ ಅಣೆಕಟ್ಟು, ಎಕೋ ಪಾಯಿಂಟ್, ಕುಂಡಲ ಜಲಾಶಯ ಯಾವುದರ ಬಳಿಯೂ ಇಳಿಯದೆ ನೇರವಾಗಿ ತುದಿಗೆ ಹೋಗಿ. ಅವನ್ನೆಲ್ಲ ಮರಳುವಾಗ ನೋಡಿ. ದೂರ ಸುಮಾರು 32 ಕಿ.ಮೀ., ಆದರೆ ತಿರುವುಗಳು ಹೆಚ್ಚಾದ್ದರಿಂದ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ಬಿಸಿಲೇರಿದಂತೆ ಕಣಿವೆಯ ತೇವದ ಗಾಳಿ ಇಳಿಜಾರು ಹತ್ತಿ, ತಣ್ಣಗಾಗಿ ಮಂಜಾಗುತ್ತದೆ. ತಡವಾಗಿ ಹೋದವರಿಗೆ ಎಷ್ಟೋ ಸಲ ತಮಿಳುನಾಡಿನ ಕಡೆಯ ಕಣಿವೆ ಕಾಣುವುದೇ ಇಲ್ಲ, ಎದುರಿಗೆ ಬರೀ ಬಿಳುಪು. ಬೇಗ ಹೊರಡುವುದರಲ್ಲಿ ಇನ್ನೊಂದು ಲಾಭವಿದೆ, ನನಗಂತೂ ಅದೇ ಹೆಚ್ಚು ಇಷ್ಟ: ಬೆಳಗಿನ ಓರೆ ಬಿಸಿಲಿಗೆ ಚಹಾ ಗಿಡಗಳ ನಡುವಿನ ಕಾಲುದಾರಿಗಳು ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ, ಚಿಗುರಿನ ತುದಿಯಲ್ಲಿ ಇಬ್ಬನಿ ಇನ್ನೂ ನಿಂತಿರುತ್ತದೆ. ನಡು ಮಧ್ಯಾಹ್ನ ಅದೇ ಗುಡ್ಡ ಚಪ್ಪಟೆ ಹಸಿರು. ಆದರೆ ಕತ್ತಲಿರುವಾಗಲೇ ಹೊರಡಬೇಡಿ. ಈ ರಸ್ತೆಗೆ ಕಾಡಾನೆಗಳು ಬರುತ್ತವೆ, ಬೆಳಕು ಹರಿದ ಮೇಲೆಯೇ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಈ ಉಪಾಯ ಹೆಚ್ಚು ಫಲಿಸುವುದಿಲ್ಲ, ಮಂಜು ದಿನವಿಡೀ ಕವಿದಿರಬಹುದು. ಆಗ ತುದಿಯ ಆಸೆ ಬಿಟ್ಟು ತೋಟಗಳ ನಡುವೆಯೇ ನಿಧಾನವಾಗಿ ಸುತ್ತಾಡಿ.