ಎಂಬಿಎ ಓದಿದ ಎರಡು ವರ್ಷ ಮತ್ತು ನಮ್ಮ ತೋಟದ ಕ್ಯಾಲೆಂಡರ್

ನಮ್ಮ ಮನೆ ಕೊಡಗಿನ ಮೂರ್ನಾಡಿನ ಹತ್ತಿರ. ರೋಬಸ್ಟಾ ಕಾಫಿ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಸ್ವಲ್ಪ ಗದ್ದೆ. ಎಂಬಿಎ ಓದಿದ್ದು ಮೈಸೂರಿನಲ್ಲಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕೊಡಗಿಗೆ ರೈಲಿಲ್ಲ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿಕೊಂಡು ಬಸ್ಸಿನಲ್ಲೇ ಹೋಗಬೇಕು. ವಾರ ವಾರ ಹೋಗಿ ಬರಲು ಆಗದಷ್ಟು ದೂರ, ಹೋಗದೇ ಇರಲು ನೆಪ ಹೇಳಲಾಗದಷ್ಟು ಹತ್ತಿರ. ಆ ಎರಡು ವರ್ಷ ಓದು, ನಿದ್ದೆ, ಗೆಳೆಯರು, ಮನೆ ಇವೆಲ್ಲವನ್ನೂ ಹೇಗೆ ಹೊಂದಿಸಿಕೊಂಡೆ ಎಂದು ನಮ್ಮ ಕಡೆಯ ಮಕ್ಕಳು ಆಗಾಗ ಕೇಳುತ್ತಾರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಡಿಗ್ರಿಗೂ ಎಂಬಿಎಗೂ ಇರುವ ದೊಡ್ಡ ವ್ಯತ್ಯಾಸ ಪಾಠದಲ್ಲಿಲ್ಲ, ಸಮಯದಲ್ಲಿದೆ. ಡಿಗ್ರಿಯಲ್ಲಿ ಯಾವಾಗ ಓದಬೇಕು ಎಂದು ನೀವೇ ತೀರ್ಮಾನ ಮಾಡುತ್ತೀರಿ. ಎಂಬಿಎಯಲ್ಲಿ ಬಹಳಷ್ಟು ಕೆಲಸ ಗುಂಪಿನದು. ಕೇಸ್ ಸ್ಟಡಿ, ಪ್ರಾಜೆಕ್ಟ್, ಪ್ರೆಸೆಂಟೇಶನ್ ಎಲ್ಲಕ್ಕೂ ನಾಲ್ಕೈದು ಜನ ಸೇರಬೇಕು. ಹಗಲು ಎಲ್ಲರಿಗೂ ಕ್ಲಾಸು. ಹಾಗಾಗಿ ಮೀಟಿಂಗು ರಾತ್ರಿಗೆ ಜಾರುತ್ತದೆ. ಅದರ ಮೇಲೆ ಕ್ಲಬ್ಬು, ಕಮಿಟಿ, ಪ್ಲೇಸ್‌ಮೆಂಟ್ ತಯಾರಿ. ನಿಮ್ಮ ಸಮಯ ಬೇರೆಯವರ ಕೈಯಲ್ಲಿರುತ್ತದೆ. ಇದು ಗೊತ್ತಾದ ಮೇಲೆ ನಾನು ಬರೀ ನನ್ನ ಟೈಮ್‌ಟೇಬಲ್ ತಿದ್ದುವುದನ್ನು ಬಿಟ್ಟು, ಗುಂಪಿನ ಜೊತೆ ಮೊದಲೇ ಮಾತಾಡಿಕೊಳ್ಳಲು ಶುರು ಮಾಡಿದೆ.

ದಿನಾ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಸಮಯ ಕೊಡುವ ಯೋಚನೆಯನ್ನೂ ಬಿಟ್ಟೆ. ಅದನ್ನು ಕಲಿತದ್ದು ಮನೆಯಿಂದಲೇ. ತೋಟದಲ್ಲಿ ಯಾರೂ ದಿನದ ಲೆಕ್ಕದಲ್ಲಿ ಬದುಕುವುದಿಲ್ಲ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ರೋಬಸ್ಟಾ ಕೊಯ್ಲು. ಹಣ್ಣು ಕಾಯುವುದಿಲ್ಲ, ಉದುರುತ್ತದೆ. ಕಣದಲ್ಲಿ ಹರಡಿದ ಕಾಫಿಗೆ ಅಕಾಲದ ಮಳೆ ಬಿದ್ದರೆ ನಡುರಾತ್ರಿಯಾದರೂ ಎದ್ದು ಟಾರ್ಪಾಲು ಮುಚ್ಚಬೇಕು. ಆಗ ನೆಂಟರ ಮನೆಯೂ ಇಲ್ಲ, ಹರಟೆಯೂ ಇಲ್ಲ. ಕೊಯ್ಲು ಮುಗಿಯುತ್ತಿದ್ದಂತೆ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ಕಾಯುವುದು, ಬರದಿದ್ದರೆ ಸ್ಪ್ರಿಂಕ್ಲರ್ ಹಾಕುವುದು. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಮಾತ್ರ ಮನೆಯವರೆಲ್ಲ ಒಲೆಯ ಮುಂದೆ ಕೂರುತ್ತಾರೆ. ವರ್ಷದ ಲೆಕ್ಕ ತೆಗೆದರೆ ದುಡಿಮೆಯೂ ಇದೆ, ವಿಶ್ರಾಂತಿಯೂ ಇದೆ, ಎರಡೂ ಒಂದೇ ದಿನದಲ್ಲಿ ಇಲ್ಲ, ಅಷ್ಟೇ.

ನಾನೂ ವರ್ಷವನ್ನೇ ಹಂಚಿಕೊಂಡೆ. ಕಾಲೇಜಿನ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ಅದರ ಪಕ್ಕದಲ್ಲಿ ಮನೆಯ ಕ್ಯಾಲೆಂಡರ್ ಬರೆದೆ. ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ನಮ್ಮ ಆಯುಧ ಪೂಜೆಯ ಹಬ್ಬ. ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಹುತ್ತರಿ, ಭತ್ತದ ಸುಗ್ಗಿ ಹಬ್ಬ. ಆಮೇಲೆ ಕೊಯ್ಲು. ಏಪ್ರಿಲ್, ಮೇ ತಿಂಗಳಲ್ಲಿ ‘ಕುಟುಂಬ ಹಾಕಿ’, ಅಂದರೆ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ. ಯಾವುದಕ್ಕೆ ಹೋಗಲೇಬೇಕು, ಯಾವುದನ್ನು ಬಿಡಬಹುದು ಎಂದು ಅಪ್ಪ, ಅಮ್ಮನ ಜೊತೆ ಕೂತು ತೀರ್ಮಾನಿಸಿದೆ. ಅಮ್ಮ ಹೇಳಿದ್ದು ಇನ್ನೂ ನೆನಪಿದೆ: “ಕೊಯ್ಲಿನ ಸಮಯಕ್ಕೆ ಬರಬೇಡ ಮಗಳೇ, ಯಾರಿಗೂ ನಿನ್ನ ಜೊತೆ ಕೂತು ಮಾತಾಡೋಕೆ ಬಿಡುವಿರಲ್ಲ. ನಿನ್ನ ಪರೀಕ್ಷೆ ನೋಡಿಕೋ.” ಇದರಿಂದ ನನಗೆ ಎಷ್ಟು ಹಗುರವಾಯಿತು ಗೊತ್ತಾ? ಜನವರಿಯಲ್ಲಿ ಊರಿಗೆ ಹೋಗಲಿಲ್ಲ ಎಂಬ ಕೊರಗು ಹೋಯಿತು. ನಿಮ್ಮ ಮನೆಯವರನ್ನೂ ಕೇಳಿ. ಅವರಿಗೆ ನೀವು ಬೇಕಾದ ದಿನಗಳು ನೀವು ಊಹಿಸಿದ ದಿನಗಳೇ ಆಗಿರಬೇಕಿಲ್ಲ.

ಹುತ್ತರಿಯ ವಿಷಯವೇ ಬೇರೆ, ಅದನ್ನು ಬಿಡುವ ಮಾತಿಲ್ಲ. ಕಷ್ಟ ಏನೆಂದರೆ, ಅದು ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಇಡುತ್ತಾರೆ. ನೆರೆ (ಹಬ್ಬದ ಎಲೆಗಳ ಕಟ್ಟು) ಕಟ್ಟುವುದಕ್ಕೆ ಇಷ್ಟು ಗಂಟೆ, ಕದಿರು (ಹೊಸ ಭತ್ತದ ತೆನೆ) ತೆಗೆಯುವುದಕ್ಕೆ ಇಷ್ಟು ಗಂಟೆ ಎಂದು ನಿಗದಿಯಾಗಿರುತ್ತದೆ. ಮೈಸೂರಿನ ನಮ್ಮ ಕಾಲೇಜಿಗೆ ಅಂದು ರಜೆ ಇಲ್ಲ. ಹೀಗಾಗಿ ಸೆಮಿಸ್ಟರ್ ಶುರುವಾದಾಗಲೇ ಗುಂಪಿನವರಿಗೆ ಹೇಳಿಟ್ಟೆ: ಆ ದಿನಗಳಲ್ಲಿ ಎರಡು ದಿನ ನಾನು ಸಿಗುವುದಿಲ್ಲ, ತಾರೀಖು ಆಮೇಲೆ ತಿಳಿಸುತ್ತೇನೆ, ನನ್ನ ಪಾಲಿನ ಕೆಲಸ ಮೊದಲೇ ಮುಗಿಸಿರುತ್ತೇನೆ. ಬದಲಿಗೆ ಅವರ ದಿನಗಳನ್ನು ಕೇಳಿದೆ. ಮಂಡ್ಯದ ಗೆಳತಿಗೆ ಊರ ಹಬ್ಬ, ಮಂಗಳೂರಿನ ಗೆಳೆಯನಿಗೆ ಕ್ರಿಸ್‌ಮಸ್. ಅವರು ಊರಿಗೆ ಹೋದಾಗ ಅವರ ಪಾಲಿನ ಸ್ಲೈಡು, ಲೆಕ್ಕ ನಾನು ನೋಡಿಕೊಂಡೆ. ಇದು ಉಪಕಾರ ಅಲ್ಲ, ಕೊಡುಕೊಳ್ಳುವಿಕೆ. ಹಾಗಾಗಿಯೇ ಎರಡು ವರ್ಷ ಉಳಿಯಿತು. ಹಾಜರಾತಿ ಶೇ 75 ಇರಲೇಬೇಕಿತ್ತು. ಅದಕ್ಕೆ ಬೇರೆ ಸಣ್ಣಪುಟ್ಟ ಕಾರಣಕ್ಕೆ ಕ್ಲಾಸು ತಪ್ಪಿಸಲಿಲ್ಲ.

ಈ ಲೆಕ್ಕಕ್ಕೆ ಸಿಗದ ವಿಷಯ ಒಂದೇ, ನಿದ್ದೆ. ಅದನ್ನು ಜನವರಿಯಲ್ಲಿ ಬಿಟ್ಟು ಜುಲೈನಲ್ಲಿ ತೀರಿಸಿಕೊಳ್ಳಲು ಆಗುವುದಿಲ್ಲ. ದೊಡ್ಡವರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂದು ವೈದ್ಯರು ಹೇಳುತ್ತಾರೆ. ನಾನು ಅದನ್ನು ಹಟ ಹಿಡಿದು ಕಾಪಾಡಿಕೊಂಡೆ. ಮೊದಲು ಕೈ ಹಾಕಿದ್ದು ಕಾಫಿಗೆ. ನಮ್ಮ ಕಡೆ ಮಕ್ಕಳಿಂದಲೇ ಕಾಫಿ ಅಭ್ಯಾಸ, ಅಲ್ವಾ? ಆದರೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದರೆ ರಾತ್ರಿ ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಅದರಲ್ಲೂ ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು ಕೆಫೀನ್. ಮನೆಯಿಂದ ತಂದ ಪುಡಿ ರೋಬಸ್ಟಾದ್ದೇ. ಹಾಗಾಗಿ ಮಧ್ಯಾಹ್ನ ಮೂರರ ಮೇಲೆ ಕಾಫಿ ಇಲ್ಲ ಎಂದು ಮಾಡಿಕೊಂಡೆ. ಗುಂಪಿನಲ್ಲಿ ರಾತ್ರಿ ಹತ್ತೂವರೆಯ ನಂತರ ಕಾಲ್ ಬೇಡ ಎಂದು ಒಪ್ಪಿಸಿದೆ. ಒಪ್ಪಿಸಲು ಸ್ವಲ್ಪ ಜಗ್ಗಾಟ ಆಯಿತು. ಬೆಳಿಗ್ಗೆ ಆರೂವರೆಗೆ ಸಿಗುತ್ತೇನೆ ಎಂದಿದ್ದಕ್ಕೆ ಒಪ್ಪಿದರು. ಬೆಳಗಿನ ಒಂದು ಗಂಟೆಯಲ್ಲಿ ಮುಗಿಯುವ ಕೆಲಸ ರಾತ್ರಿ ಎರಡೂವರೆ ಗಂಟೆ ಎಳೆಯುತ್ತಿತ್ತು ಎಂದು ಬೇಗನೇ ಎಲ್ಲರಿಗೂ ಕಂಡಿತು.

ಕ್ಲಾಸಿನ ಗೆಳೆಯರು ದಿನಾ ಸಿಗುತ್ತಾರೆ, ಅದೇ ಮೋಸ. ಸಿಕ್ಕಾಗಲೆಲ್ಲ ಪ್ಲೇಸ್‌ಮೆಂಟ್ ಮಾತೇ. ನಾವು ಕೆಲವರು ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಿದ್ದೆವು. ಅಲ್ಲಿ ಕಾಲೇಜಿನ ಮಾತು ಬೇಡ ಎಂಬುದು ಒಪ್ಪಂದ. ಊರಿನ ಗೆಳತಿಯರಿಗೆ ಮಾತ್ರ ದಿನಾ ಮೆಸೇಜ್ ಹಾಕುವ ಗೋಜಿಗೆ ಹೋಗಲಿಲ್ಲ. ಕುಟುಂಬ ಹಾಕಿ ನೋಡಲು ಎಲ್ಲರೂ ಸೇರುತ್ತೇವೆ. 1997ರಲ್ಲಿ ಕರಡದಲ್ಲಿ ಶುರುವಾದ ಆ ಹಬ್ಬ ನಮ್ಮ ತಲೆಮಾರಿಗೆ ಊರಿನ ಕಟ್ಟೆ ಇದ್ದ ಹಾಗೆ. ಗ್ಯಾಲರಿಯಲ್ಲಿ ಒಂದು ಇಡೀ ಮಧ್ಯಾಹ್ನ ಪಕ್ಕಪಕ್ಕ ಕೂತರೆ ವರ್ಷದ ಸುದ್ದಿಯೆಲ್ಲ ಮುಗಿಯುತ್ತದೆ.

ಮನೆಯನ್ನು ಓದಿನ ಒಳಗೇ ತಂದದ್ದು ನಾನು ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು. ಅಪ್ಪ ಫೋನಿನಲ್ಲಿ ಮಾತಾಡುವುದು ಎರಡೇ ವಿಷಯ, ಮಳೆ ಮತ್ತು 50 ಕೆಜಿ ಚೀಲದ ರೇಟು. ಕಾಸ್ಟ್ ಅಕೌಂಟಿಂಗ್ ಕಲಿಯುವಾಗ ಅಪ್ಪ ಆಳುಗಳ ಹಾಜರಿ, ಕೂಲಿ ಬರೆದಿಡುವ ಚೆಕ್‌ರೋಲ್ ಪುಸ್ತಕ ತರಿಸಿಕೊಂಡೆ. ಕೊಯ್ಲಿಗೆ, ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯಲು), ಚಿಗುರು ತೆಗೆಯಲು ಎಷ್ಟು ಆಳಿನ ಖರ್ಚು ಎಂದು ಬೇರೆಬೇರೆ ಮಾಡಿ ತೋರಿಸಿದೆ. ಅಲ್ಲಿಂದ ನಮ್ಮ ಮಾತು ಉದ್ದವಾಯಿತು. ಬೇಸಿಗೆಯ ಇಂಟರ್ನ್‌ಶಿಪ್ಪನ್ನೂ ಕುಶಾಲನಗರದ ಬಳಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಮಾಡಿದೆ, ಮನೆಯಿಂದಲೇ ಓಡಾಡಿಕೊಂಡು. ಮನೆಯಲ್ಲಿದ್ದೀರಿ ಎಂದರೆ ಬಿಡುವಾಗಿದ್ದೀರಿ ಎಂದು ನೆಂಟರು ತಿಳಿಯುತ್ತಾರೆ, ಕೆಲಸದ ಗಂಟೆ ಯಾವುದು ಎಂದು ಮೊದಲೇ ಹೇಳಿಬಿಡಿ.

ಆ ವರ್ಷ ಆಗಸ್ಟಿನಲ್ಲಿ ಕ್ಲಾಸು ಶುರುವಾಗುವ ಮುಂಚೆ ಕಕ್ಕಡ ಮಾಸದ (ನಮ್ಮ ಕಡೆಯ ಆಟಿ ತಿಂಗಳು) ಮಳೆಗೆ ಸುಮ್ನೆ ಮನೆಯಲ್ಲಿದ್ದೆ. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಮದ್ದುಸೊಪ್ಪಿನ ಪಾಯಸ, ಹಗಲೂ ನಿದ್ದೆ. ಏನೂ ಓದಲಿಲ್ಲ.

ಇದಕ್ಕೆಲ್ಲ ಬೆಲೆ ಇತ್ತು. ಒಂದೇ ಕಮಿಟಿಗೆ ಸೇರಿದೆ, ಬೇರೆ ಊರಿನ ಕೇಸ್ ಸ್ಪರ್ಧೆಗಳಿಗೆ ಹೋಗಲಿಲ್ಲ. ನನ್ನ ರೆಸ್ಯೂಮೆ ಜೊತೆಯವರದಕ್ಕಿಂತ ಚಿಕ್ಕದಾಗಿತ್ತು. ಅದು ಗೊತ್ತಿದ್ದೇ ಒಪ್ಪಿಕೊಂಡದ್ದು. ಇಂಟರ್‌ವ್ಯೂಗಳಲ್ಲಿ “ನಿಮಗೇನಾದರೂ ಕೇಳುವುದಿದೆಯಾ?” ಎಂದಾಗ ನಾನು ಕೇಳುತ್ತಿದ್ದದ್ದು, ನಿಮ್ಮಲ್ಲಿ ಯಾವ ತಿಂಗಳು ಕೆಲಸ ಜಾಸ್ತಿ ಎಂದು. ಈಗಿನ ಕೆಲಸದಲ್ಲಿ ಮಾರ್ಚ್ ತಿಂಗಳು ತಲೆ ಎತ್ತಲು ಬಿಡುವುದಿಲ್ಲ. ಹುತ್ತರಿಗೆ ರಜೆ ಬೇಕು ಎಂದು ಸೇರುವ ದಿನವೇ ಹೇಳಿದ್ದೆ, ಕೊಟ್ಟರು.