ಡಿಕ್ರಿಗೆ ಮೊದಲು ಬ್ಯಾಂಕು: ಜಂಟಿ ಗೃಹಸಾಲ ಬಿಡಿಸಿಕೊಳ್ಳುವುದು ಹೇಗೆ?

‘ಫ್ಲ್ಯಾಟ್ ಗಂಡನಿಗೆ, ಸಾಲವೂ ಅವನದೇ’ ಎಂದು ವಿಚ್ಛೇದನದ ರಾಜಿ ಪತ್ರದಲ್ಲಿ ಬರೆಸಿ, ಡಿಕ್ರಿಗೆ (ವಿಚ್ಛೇದನದ ಅಂತಿಮ ಆದೇಶಕ್ಕೆ) ಕೋರ್ಟಿನ ಮೊಹರು ಬಿದ್ದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಅವನು ಕಂತು ತಪ್ಪಿಸಿದ ದಿನ ವಸೂಲಿಯವರ ಫೋನು ಬರುವುದು ಅವಳಿಗೂ. ರಾಜಿ ಮಾಡಿಕೊಂಡವರು ಇಬ್ಬರು. ಸಾಲದ ಕರಾರಿನಲ್ಲಿ ಮೂರನೆಯವರಾಗಿ ಬ್ಯಾಂಕು ಇದೆ. ಸಹಸಾಲಗಾರರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಬಾಕಿ ಕೇಳುವ ಹಕ್ಕು ಅದಕ್ಕೆ ಹಾಗೇ ಉಳಿದಿರುತ್ತದೆ.

1. ಇಬ್ಬರ ಕ್ರೆಡಿಟ್ ವರದಿಯನ್ನೂ (ಯಾರ ಹೆಸರಿನಲ್ಲಿ ಯಾವ ಸಾಲ ಇದೆ ಎಂದು ಸಿಬಿಲ್‌ನಂಥ ಸಂಸ್ಥೆಗಳು ಕೊಡುವ ದಾಖಲೆ) ತೆಗೆಸಿ. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ಮರೆತುಹೋದ ಸಾಲ, ಜಾಮೀನು ಸಹಿ ಎಲ್ಲ ಅಲ್ಲಿ ಸಿಗುತ್ತದೆ. ಆಡ್-ಆನ್ ಕ್ರೆಡಿಟ್ ಕಾರ್ಡ್ (ಒಬ್ಬರ ಕಾರ್ಡಿನ ಮೇಲೆ ಇನ್ನೊಬ್ಬರಿಗೆ ಕೊಟ್ಟ ಹೆಚ್ಚುವರಿ ಕಾರ್ಡು) ಇದ್ದರೆ ಅಂದೇ ನಿಲ್ಲಿಸಿ. ಅದರ ಖರ್ಚು ಮೂಲ ಕಾರ್ಡುದಾರರ ತಲೆಗೇ.

2. ಯಾವುದು ಯಾರದು ಎಂದು ಬೇರ್ಪಡಿಸಿ. ಮದುವೆಯ ನಂತರ ಗಳಿಸಿದ್ದೆಲ್ಲ ಅರ್ಧರ್ಧ ಎನ್ನುವ ಕಾನೂನು ನಮ್ಮ ರಾಜ್ಯದಲ್ಲಿಲ್ಲ. ಸ್ತ್ರೀಧನ ಹೆಂಡತಿಯದು, ಅದನ್ನು ಲೆಕ್ಕಕ್ಕೆ ಎಳೆಯಲೇಬೇಡಿ. ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದು, ಯಾರು ಎಷ್ಟು ಹಾಕಿದರು ಎನ್ನುವುದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಸಮಪಾಲು. ಹಾಗಾಗಿ ಮುಂಗಡ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್ ಹುಡುಕಿಡಿ.

3. ಲೆಕ್ಕ ಹಾಕಿ. ಫ್ಲ್ಯಾಟಿನ ಇಂದಿನ ಬೆಲೆ 60 ಲಕ್ಷ, ಅಸಲು ಬಾಕಿ 35 ಲಕ್ಷ ಎಂದಿಟ್ಟುಕೊಳ್ಳಿ. ಹಂಚಬೇಕಾದ್ದು 25 ಲಕ್ಷ, ಸಮಪಾಲಾದರೆ ತಲಾ 12.5 ಲಕ್ಷ. 60ನ್ನೇ ಎರಡು ಮಾಡಿ ಜಗಳ ಶುರುಮಾಡುವವರು ಬೇಕಾದಷ್ಟು ಜನ. ಬಾಕಿಯ ಮೊತ್ತವನ್ನು ಆ್ಯಪ್ ನೋಡಿ ಬರೆಯಬೇಡಿ, ಬ್ಯಾಂಕಿನಿಂದ ಪತ್ರದಲ್ಲೇ ಪಡೆಯಿರಿ.

4. ಬ್ಯಾಂಕಿಗೆ ಹೋಗಿ. ಎಡವುವುದು ಇಲ್ಲೇ. ಕಂತು ಕಡಿತವಾಗುವ ಖಾತೆಯನ್ನು ಬದಲಾಯಿಸಿದರೆ ಸಾಲದಿಂದ ಹೆಸರು ಹೋಗುವುದಿಲ್ಲ. ಹಣ ಯಾವ ಖಾತೆಯಿಂದ ಬರುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಶಾಖೆಯವರು ‘ಆಗುತ್ತೆ ಮೇಡಂ’ ಅಂದದ್ದೂ ಲೆಕ್ಕಕ್ಕಿಲ್ಲ. ಬೇಕಾದ್ದು, ಸಹಸಾಲಗಾರರನ್ನು ಹೊಣೆಯಿಂದ ಬಿಡುಗಡೆ ಮಾಡಿದ್ದೇವೆ ಎನ್ನುವ ಲಿಖಿತ ಪತ್ರ. ಅದನ್ನು ಕೊಡುವ ಮುನ್ನ ಮನೆ ಉಳಿಸಿಕೊಳ್ಳುವವರ ಒಬ್ಬರದೇ ಆದಾಯವನ್ನು ಬ್ಯಾಂಕು ಹೊಸದಾಗಿ ತೂಗಿ ನೋಡುತ್ತದೆ. ಆದಾಯ ಸಾಲದಿದ್ದರೆ ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರನ್ನು ಸಹಸಾಲಗಾರರಾಗಿ ಸೇರಿಸಬಹುದೇ ಎಂದು ಕೇಳಿ. ಅದೂ ಆಗದಿದ್ದರೆ ಒಬ್ಬರ ಹೆಸರಿನಲ್ಲೇ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಲು ಯತ್ನಿಸಿ. ಫ್ಲೋಟಿಂಗ್ (ಆಗಾಗ ಏರಿಳಿಯುವ) ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲು ತೀರಿಸಲು ದಂಡವಿಲ್ಲ. ಯಾವುದೂ ಕೂಡಿಬರದಿದ್ದರೆ ಮಾರಿಬಿಡಿ. ಹಟಕ್ಕೆ ಬಿದ್ದು ಜಂಟಿ ಸಾಲ ಇಟ್ಟುಕೊಳ್ಳುವುದಕ್ಕಿಂತ ಅದೇ ಮೇಲು. ಇನ್ನೊಬ್ಬರಿಗೆ ಕೊಡಬೇಕಾದ ಪಾಲಿನ ಹಣ ಹೊಂದಿಸಲು ಪರ್ಸನಲ್ ಲೋನ್ ಎತ್ತಬೇಡಿ. ಗೃಹಸಾಲದ ಮೇಲಿನ ಟಾಪ್-ಅಪ್‌ಗೆ (ಅದೇ ಮನೆಯ ಮೇಲೆ ಪಡೆಯುವ ಹೆಚ್ಚುವರಿ ಸಾಲಕ್ಕೆ) ಬಡ್ಡಿ ಸಾಮಾನ್ಯವಾಗಿ ಕಡಿಮೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಅನ್ನಬೇಡಿ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಒಪ್ಪಿಗೆಯ ಅರ್ಜಿ ಹಾಕಿದ 6 ತಿಂಗಳ ನಂತರ, 18 ತಿಂಗಳೊಳಗೆ ಎರಡನೇ ಹೆಜ್ಜೆ, ಅಂದರೆ ಇಬ್ಬರೂ ಮತ್ತೆ ಕೋರ್ಟಿನ ಮುಂದೆ ಡಿಕ್ರಿ ಕೇಳುವುದು. ಆ 6 ತಿಂಗಳು ಬ್ಯಾಂಕ್ ಕೆಲಸಕ್ಕೆಂದೇ ಇಟ್ಟ ಹಾಗಿದೆ. ಸುಪ್ರೀಂ ಕೋರ್ಟಿನ 2017ರ ತೀರ್ಪಿನಂತೆ ಈ ಕಾಯುವಿಕೆಗೆ ವಿನಾಯಿತಿ ಕೇಳಬಹುದು, ನಿಜ. ಬ್ಯಾಂಕಿನ ಪತ್ರ ಕೈಸೇರುವವರೆಗೆ ಕೇಳಬೇಡಿ.

5. ಹಕ್ಕು ಬಿಡುಗಡೆ ಪತ್ರ: ಮನೆಯಲ್ಲಿನ ತಮ್ಮ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ದಾಖಲೆ. ಬ್ಯಾಂಕಿನ ಪತ್ರ ಬಂದ ಮೇಲೆಯೇ ಇದು. ತಿರುವುಮುರುವಾದರೆ ಮನೆ ಕೈಬಿಟ್ಟು ಸಾಲ ಮಾತ್ರ ಉಳಿಯುತ್ತದೆ. ಛಾಪಾ ಕಾಗದದಲ್ಲಿ ನೋಟರಿ ಮಾಡಿಸಿದ್ದು ಸಾಲದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಡಿಕ್ರಿಗೆ ಮೊದಲೇ ಮಾಡಿಸಿ: ಕರ್ನಾಟಕದಲ್ಲಿ ಕುಟುಂಬ ಸದಸ್ಯರ ನಡುವಿನ ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ, ಡಿಕ್ರಿಯಾದ ಮೇಲೆ ಗಂಡ ಹೆಂಡತಿ ಒಂದೇ ಕುಟುಂಬವಲ್ಲ. ಪಾಲಿನ ಹಣ ಡಿಡಿಯಲ್ಲೇ ಇರಲಿ, ಅದರ ನಂಬರು ಪತ್ರದಲ್ಲಿ ಬರಲಿ.

6. ಮನೆಯ ಖಾತೆ (ಪಾಲಿಕೆ ಅಥವಾ ಪಂಚಾಯಿತಿ ದಾಖಲೆಯಲ್ಲಿನ ಹೆಸರು) ಬದಲಾವಣೆ, ವಿಮೆ ಮತ್ತು ಪಿಎಫ್ ನಾಮಿನಿ: ಇದು ಕೊನೆಯ ಓಡಾಟ.

ಎರಡು ಮೂರು ತಿಂಗಳು ಬಿಟ್ಟು ಕ್ರೆಡಿಟ್ ವರದಿ ಮತ್ತೊಮ್ಮೆ ನೋಡಿ. ಹಳೆಯ ಸಾಲ ಇನ್ನೂ ನಿಮ್ಮ ಹೆಸರಿನಲ್ಲಿ ಚಾಲ್ತಿ ಎಂದಿದ್ದರೆ ಬ್ಯಾಂಕು ಕೊಟ್ಟ ಹೊಣೆ ಬಿಡುಗಡೆ ಪತ್ರದ ಪ್ರತಿ ಲಗತ್ತಿಸಿ ಬ್ಯಾಂಕಿಗೂ ವರದಿ ಕೊಟ್ಟ ಸಂಸ್ಥೆಗೂ ಬರೆದು, ದೂರಿನ ಸಂಖ್ಯೆ ಪಡೆದುಕೊಳ್ಳಿ.