‘ಖಾಲಿ ನೆಲ’ ಅಂತ ಬರೆದಿದ್ದೆ

ನಾವು ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಭಾನುವಾರ ಇಲ್ಲಿನ ಕನ್ನಡ ಮಕ್ಕಳಿಗೆ ಪಾಠ ಹೇಳುತ್ತೇನೆ, ಒಂಬತ್ತು ಹತ್ತು ವರ್ಷದವರು. ಊರಿನಿಂದ ತಂದ ಕಥೆ ಪುಸ್ತಕಗಳಲ್ಲಿ ಬರುವ ಕೆರೆ ಏರಿ, ಕಣ, ಸುಗ್ಗಿ ಯಾವುದನ್ನೂ ಈ ಮಕ್ಕಳು ನೋಡಿಲ್ಲ. ಅವರಿಗೆ ಗೊತ್ತಿರೋದು ಹಿಮ, ಮೆಕ್ಕೆಜೋಳದ ಹೊಲ, ಸರೋವರ. ಹಾಗಾದ್ರೆ ಅವರು ಓಡಾಡುವ ನೆಲದ ಹಳೇ ಕಥೆಯನ್ನೇ ಕನ್ನಡದಲ್ಲಿ ಬರೆದರೆ ಹೇಗೆ ಅನ್ನಿಸಿತು, ಶುರು ಮಾಡಿದೆ. ಕಾಲ 1874. ಜಾಗ ಮಿನ್ನೆಸೋಟದ ನೈಋತ್ಯ ಮೂಲೆ. ನಾರ್ವೆಯಿಂದ ಬಂದ ಒಂದು ಒಕ್ಕಲು ಸಂಸಾರ: ಅಪ್ಪ, ಅಮ್ಮ, ಒಂಬತ್ತು ವರ್ಷದ ಹುಡುಗಿ, ಅವಳ ತಮ್ಮ, ಒಂದು ಹಸು, ಒಂದು ಜೋಡಿ ಎತ್ತು.

ಮೊದಲ ತಿಂಗಳು ನಾನು ಕಥೆ ಬರೆಯಲೇ ಇಲ್ಲ, ಬರೀ ಲೆಕ್ಕ ಹಾಕಿದೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಒಬ್ಬರಿಗೆ 160 ಎಕರೆ ಕೊಡುತ್ತಿತ್ತು. ಮನೆ ಕಟ್ಟಬೇಕು, ಉಳಬೇಕು, ಐದು ವರ್ಷ ಅಲ್ಲೇ ಇರಬೇಕು, ಆಮೇಲೆ ನೆಲ ನಿಮ್ಮದು. 160 ಎಕರೆ ಅಂದರೆ ಮಕ್ಕಳಿಗೇನು ಗೊತ್ತಾಗುತ್ತದೆ? ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲ. ಸುತ್ತು ಬಂದರೆ ಎರಡು ಮೈಲಿ. ನಾನೇ ಒಂದು ಸಂಜೆ ಎರಡು ಮೈಲಿ ನಡೆದೆ, ನಲವತ್ತು ನಿಮಿಷ ಹಿಡಿಯಿತು. ಕಥೆಯ ಹುಡುಗಿಯೂ ಅಪ್ಪನ ಹಿಂದೆ ಹಾಗೇ ಸುತ್ತು ಬರುತ್ತಾಳೆ, ಮಧ್ಯದಲ್ಲಿ ತಮ್ಮನನ್ನು ಎತ್ತಿಕೊಳ್ಳಬೇಕಾಗುತ್ತದೆ. ಮೊದಲ ಅಧ್ಯಾಯ ಅಲ್ಲೇ ಸಿಕ್ಕಿಬಿಟ್ಟಿತು.

ಮರವಿಲ್ಲದ ಬಯಲಲ್ಲಿ ಮನೆ ಕಟ್ಟಿದ್ದು ಹೇಗೆ ಅನ್ನೋದು ಎರಡನೇ ಅಧ್ಯಾಯ. ನೇಗಿಲಿನಿಂದ ಹುಲ್ಲುನೆಲವನ್ನೇ ಒಂದು ಅಡಿ ಅಗಲದ ಪಟ್ಟಿಯಾಗಿ ಸೀಳಿ, ಎರಡು ಮೂರು ಅಡಿ ಉದ್ದದ ತುಂಡು ಮಾಡಿ, ಹುಲ್ಲಿನ ಮಗ್ಗುಲು ಕೆಳಗೆ ಬರುವಂತೆ ಇಟ್ಟಿಗೆ ಥರ ಪೇರಿಸುತ್ತಿದ್ದರು. ಓದಿ ಬರೆಯೋದಕ್ಕಿಂತ ಮಾಡಿ ನೋಡೋಣ ಅಂತ ಹಿತ್ತಲಲ್ಲಿ ಗುದ್ದಲಿ ಹಾಕಿ ಒಂದು ಹೆಂಟೆ ಎತ್ತಿದೆ. ಕೈಯಲ್ಲೇ ಪುಡಿಪುಡಿಯಾಗಿ ಉದುರಿತು. ಆಗ ಗೊತ್ತಾಯಿತು, ಅಂಗಳಕ್ಕೆ ತಂದು ಹಾಸಿದ ಈ ಹುಲ್ಲಿನ ಬೇರು ಮೇಲೆಮೇಲೇ ಇರುತ್ತದೆ, ಆ ಬಯಲಿನ ಹುಲ್ಲಿನ ಬೇರು ಆಳುದ್ದಕ್ಕಿಂತ ಜಾಸ್ತಿ ಕೆಳಗೆ ಇಳಿಯುತ್ತಿತ್ತು, ಮಣ್ಣನ್ನು ಹೆಣೆದು ಹಿಡಿದಿದ್ದು ಅದೇ. ಈ ಮಾತನ್ನು ಅಪ್ಪನ ಬಾಯಲ್ಲಿ ಹೇಳಿಸಲಿಲ್ಲ. ಹುಡುಗಿ ರಾತ್ರಿ ಮಲಗಿದಾಗ ಗೋಡೆಯಿಂದ ಹೊರಗೆ ಇಣುಕಿದ ಬೇರನ್ನು ಎಳೆಯುತ್ತಾಳೆ, ಎಳೆದಷ್ಟೂ ಬರುತ್ತಲೇ ಇರುತ್ತದೆ.

ಕಟ್ಟಿಗೆ ಇಲ್ಲದ ಚಳಿಗಾಲದಲ್ಲಿ ಒಣಹುಲ್ಲನ್ನು ಹುರಿ ಹೊಸೆದು ಒಲೆಗೆ ಹಾಕುತ್ತಿದ್ದರು. ಇದನ್ನು ತರಗತಿಯಲ್ಲೇ ಮಾಡಿಸಿದೆ. ಪಾರ್ಕಿನ ಒಲೆಯಲ್ಲಿ ಸುಟ್ಟು ನೋಡಿದರೆ ಒಂದು ಹುರಿ ಐದು ನಿಮಿಷವೂ ಬಾಳಲಿಲ್ಲ. ಒಬ್ಬ ಹುಡುಗ ಲೆಕ್ಕ ಹಾಕಿ, ‘ಹಾಗಾದ್ರೆ ರಾತ್ರಿಯೆಲ್ಲ ಯಾರೋ ಒಬ್ಬರು ಎದ್ದಿರಲೇಬೇಕು’ ಅಂದ. ಆ ಸಾಲನ್ನು ಹಾಗೇ ಕಥೆಗೆ ಹಾಕಿಕೊಂಡೆ.

ಭಾಷೆಯಲ್ಲಿ ಒಂದು ಅನುಕೂಲ, ಒಂದು ತೊಡಕು. ಕಡಗೋಲು, ನೊಗ, ಮಿಣಿ, ಹೆಂಟೆ, ಎಲ್ಲ ನಮ್ಮಲ್ಲಿ ಆಗಲೇ ಇವೆ. ಆದರೆ ‘ಬೀಸುಕಲ್ಲು’ ಅಂತ ಬರೆದ ತಕ್ಷಣ ಇಡೀ ಅಡುಗೆಮನೆ ನನ್ನ ಅಜ್ಜಿಯದ್ದಾಗಿಬಿಟ್ಟಿತು. ಇಲ್ಲಿಗೆ ವಲಸೆ ಬಂದವರು ಹಿಟ್ಟು ಮುಗಿದಾಗ ಗೋಧಿ ಅರೆದಿದ್ದು ಕಾಫಿ ಬೀಜ ಪುಡಿ ಮಾಡುವ ಪುಟ್ಟ ಕೈಯಂತ್ರದಲ್ಲಿ. ಅದನ್ನೇ ಬರೆದೆ. ಇನ್ನು ‘ಅಪ್ಪ ಬಂದ’ ಅನ್ನಬೇಕೋ ‘ಬಂದರು’ ಅನ್ನಬೇಕೋ ಅಂತ ಒಂದು ವಾರ ಒದ್ದಾಡಿದೆ. ಒಂದೇ ಕೋಣೆಯಲ್ಲಿ ಆರು ತಿಂಗಳು ಮೈಗೆ ಮೈ ತಾಗಿಸಿ ಬದುಕುವ ಮಗಳು ‘ಅಪ್ಪ ಬಂದ’ ಅಂತಲೇ ಹೇಳೋದು ಸರಿ ಅನ್ನಿಸಿತು. ನಮ್ಮ ಮನೆಯಲ್ಲೂ ಹಾಗೇ ಕರೆದು ಬೆಳೆದವಳು ನಾನು.

ಮಿಡತೆಯ ಅಧ್ಯಾಯಗಳು ನನ್ನನ್ನು ಹಿಂಡಿಹಾಕಿದವು. 1873ರಿಂದ 1877ರವರೆಗೆ ಇಲ್ಲಿ ವರ್ಷವರ್ಷವೂ ಮಿಡತೆ ಎದ್ದವು. ಗೋಧಿ ಹೋಯಿತು, ತರಕಾರಿ ಹೋಯಿತು. ಗಿಡ ಉಳಿಸೋಣ ಅಂತ ಹೊದಿಸಿದ ಕೌದಿಯನ್ನೂ ತಿಂದವು. ತಗಡಿಗೆ ಟಾರು ಬಳಿದು ಹೊಲದ ಮೇಲೆ ಎಳೆದು ಅಂಟಿಸಿ ಕೊಂದರೂ ಮುಗಿಯಲಿಲ್ಲ. ಎಷ್ಟೋ ಗಂಡಸರು ಕೂಲಿಗಾಗಿ ಪೂರ್ವದ ಕಡೆ ನಡೆದುಕೊಂಡೇ ಹೋದರು. ಕಥೆಯ ಅಪ್ಪನೂ ಹೋಗುತ್ತಾನೆ. ಅವನು ತಿರುಗಿ ಬರುವವರೆಗಿನ ದಿನಗಳನ್ನು ಬರೆಯುವಾಗ ಅಮ್ಮನ ಬಾಯಲ್ಲಿ ಧೈರ್ಯದ ಮಾತು ಹಾಕಿದ್ದೆ, ಆಮೇಲೆ ಅಷ್ಟೂ ತೆಗೆದುಹಾಕಿದೆ. ಅವಳು ಸುಮ್ನೆ ಹಸುವಿಗೆ ಹುಲ್ಲು ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಾಳೆ. ಅಷ್ಟು ಸಾಕು.

ಮೊದಲ ಕರಡನ್ನು ತರಗತಿಯಲ್ಲಿ ಓದಿದೆ. ಆರಂಭದಲ್ಲೇ ಒಂದು ಸಾಲು: ‘ಕಣ್ಣು ಹಾಯಿಸಿದಷ್ಟು ದೂರ ಖಾಲಿ ನೆಲ, ಅಲ್ಲಿ ಯಾರೂ ಇರಲಿಲ್ಲ.’ ಒಬ್ಬಳು ಕೈ ಎತ್ತಿದಳು. ‘ಟೀಚರ್, ಯಾರೂ ಇಲ್ಲದಿದ್ರೆ ಮಿನ್ನೆಸೋಟ ಅಂತ ಹೆಸರಿಟ್ಟಿದ್ದು ಯಾರು?’

ಅವಳಿಗೆ ಉತ್ತರ ಗೊತ್ತಿತ್ತು, ಶಾಲೆಯಲ್ಲಿ ಕಲಿತಿದ್ದಳು. ಅದು ಇಲ್ಲಿನ ಮೂಲನಿವಾಸಿಗಳಾದ ಡಕೋಟ ಜನರ ಮಾತು. ‘ಮ್ನಿ’ ಅಂದರೆ ನೀರು. ಇದು ಅವರ ನೆಲ. ಅಮೆರಿಕ ಸರ್ಕಾರದ ಜೊತೆಗಿನ 1851ರ ಒಪ್ಪಂದಗಳಲ್ಲಿ ಬಹುಪಾಲು ನೆಲ ಅವರ ಕೈ ತಪ್ಪಿತು. ಕೊಡಬೇಕಾದ ಹಣ, ದಿನಸಿ ತಡವಾಗಿ ಹಸಿವು ಮುತ್ತಿತು, 1862ರಲ್ಲಿ ಯುದ್ಧವಾಯಿತು, ಡಿಸೆಂಬರ್ 26ರಂದು ಮ್ಯಾಂಕೇಟೊ ಊರಲ್ಲಿ 38 ಡಕೋಟ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಮುಂದಿನ ವರ್ಷ ಉಳಿದವರಲ್ಲಿ ಹೆಚ್ಚಿನವರನ್ನು ರಾಜ್ಯದಿಂದಲೇ ಹೊರಗೆ ಅಟ್ಟಿದರು. ನನ್ನ ಕಥೆಯ ಸಂಸಾರ ಬಂದಿದ್ದು ಅದಾದ ಹನ್ನೊಂದೇ ವರ್ಷಕ್ಕೆ. ಇದೆಲ್ಲ ಓದಿಕೊಂಡಿದ್ದೆ ನಾನು. ಆದರೂ ‘ಖಾಲಿ’ ಅನ್ನುವ ಪದ ಕೈಗೆ ತಾನಾಗೇ ಬಂದುಬಿಟ್ಟಿತ್ತು.

ಈ ಬಗೆಯ ಕಥೆಗಳಿಂದಲೇ ಹೆಸರಾದ ಲಾರಾ ಇಂಗಲ್ಸ್ ವೈಲ್ಡರ್ ಕೂಡ ಇದೇ ತಪ್ಪು ಮಾಡಿದ್ದರು. 1935ರ ಅವರ ‘ಲಿಟಲ್ ಹೌಸ್ ಆನ್ ದ ಪ್ರೇರಿ’ ಪುಸ್ತಕದಲ್ಲಿ, ಆ ಕಥೆಯ ಬಯಲಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರಷ್ಟೇ (ಅಮೆರಿಕದ ಮೂಲನಿವಾಸಿಗಳನ್ನು ಹಾಗೆ ಕರೆಯುತ್ತಿದ್ದರು) ಇದ್ದರು ಅನ್ನುವ ಅರ್ಥದ ಮಾತಿತ್ತು. ಓದುಗರೊಬ್ಬರು ಪ್ರಕಾಶಕರಿಗೆ ಪತ್ರ ಬರೆದ ಮೇಲೆ ಲಾರಾ ಒಪ್ಪಿಕೊಂಡರು. 1953ರ ಮುದ್ರಣದಲ್ಲಿ ‘ಜನರು’ ಹೋಗಿ ‘ವಲಸೆ ಬಂದು ನೆಲೆಸಿದವರು’ ಅಂತಾಯಿತು. ಒಂದು ಪದ ಅಷ್ಟೇ.

ನನಗೆ ಒಂದು ಪದ ಬದಲಿಸಿದರೆ ಸಾಲದು ಅನ್ನಿಸಿತು, ಹನ್ನೊಂದು ಅಧ್ಯಾಯವನ್ನೂ ಮತ್ತೆ ಬರೆದೆ. ಡಕೋಟ ಪಾತ್ರವೊಂದನ್ನು ತಂದು ನಿಲ್ಲಿಸಲಿಲ್ಲ. ಅವರ ಮಾತನ್ನು ಅವರೇ ಹೇಳಬೇಕು, ನಾನು ಊಹಿಸಿ ಹೇಳುವುದು ಸರಿಯಲ್ಲ. ಬದಲಿಗೆ ಹುಡುಗಿಯ ಕೈಗೆ ಪ್ರಶ್ನೆ ಕೊಟ್ಟೆ. ಮ್ಯಾಂಕೇಟೊ ಅಂದರೇನು ಅಂತ ಅವಳು ಅಂಗಡಿಯವನನ್ನು ಕೇಳುತ್ತಾಳೆ. ‘ನೀಲಿ ಮಣ್ಣು’ ಅನ್ನುತ್ತಾನೆ ಅವನು. ಯಾರ ಭಾಷೆ ಅಂತ ಕೇಳಿದರೆ ತಕ್ಕಡಿ ನೋಡುತ್ತಾ ಸುಮ್ಮನಾಗುತ್ತಾನೆ. ಅಪ್ಪನೂ ಸುಮ್ಮನಾಗುತ್ತಾನೆ. ಮೊದಲಿನ ಸಾಲು ಈಗ ಹೀಗಿದೆ: ‘ಇಲ್ಲಿದ್ದವರನ್ನು ಸೈನ್ಯ ಹೊರಗೆ ಕಳಿಸಿ ಹನ್ನೊಂದು ವರ್ಷವಾಗಿತ್ತು. ಅಪ್ಪ ಅದನ್ನು ನಮಗೆ ಹೇಳಿರಲಿಲ್ಲ.’

ಹೊಸ ಕರಡು ಓದಿದ ದಿನ ಅದೇ ಹುಡುಗಿ, ‘ಈಗ ಅವರೆಲ್ಲಿದ್ದಾರೆ?’ ಅಂತ ಕೇಳಿದಳು. ನಕ್ಷೆ ತೆಗೆದು ತೋರಿಸಿದೆ. ಎಷ್ಟೋ ಡಕೋಟ ಮನೆತನಗಳು ಮರಳಿ ಬಂದು ನೆಲೆಸಿದ್ದಾರೆ, ಮಾರ್ಟನ್ ಊರಿನ ಹತ್ತಿರ ಅವರ ಸಮುದಾಯವಿದೆ, ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಹನ್ನೆರಡನೇ ಅಧ್ಯಾಯ ಇನ್ನೂ ಬಾಕಿ ಇದೆ. 1877ರ ಬೇಸಿಗೆ, ಮಿಡತೆಗಳು ಎದ್ದು ಹೋಗುತ್ತವೆ. ಅದನ್ನು ಬರೆಯುವ ಮುಂಚೆ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕರೆದುಕೊಂಡು ಒಂದು ಶನಿವಾರ ಮಾರ್ಟನ್ನಿಗೆ ಹೋಗಿ ಬರುತ್ತೇವೆ.